ಕಾದ ಕಟ್ಟಡ

ಆ ಕಟ್ಟಡಕ್ಕೆ ಕನ್ನಡ ಬರುತ್ತಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಒಂಬತ್ತು ಮಹಡಿಯ ತೇಜಸ್ ಸಂಕೀರ್ಣ. ಕೆಳಗೆ ಬಟ್ಟೆ ಅಂಗಡಿ, ಮೇಲೆ ವಕೀಲರು, ತೆರಿಗೆ ಸಲಹೆಗಾರರು, ಒಂದು ವಿಮಾ ಕಂಪನಿ. ಬೇಸಿಗೆಯಲ್ಲಿ ವಿದ್ಯುತ್ತನ್ನು ಪಾಲು ಮಾಡಿ ಕೊಡುವ ಕಾನೂನು ಬಂದಮೇಲೆ ಪ್ರತಿ ಕಟ್ಟಡಕ್ಕೂ ಇಷ್ಟೇ ಎಂದು ಗೊತ್ತುಮಾಡಿದ್ದರು. ಪಾಲು ಮೀರಿದರೆ ಮಧ್ಯಾಹ್ನ ಇಡೀ ಕಟ್ಟಡದ ಲೈನು ಬಂದ್. ತೇಜಸ್ ಎರಡು ಬೇಸಿಗೆ ಮೀರಿತ್ತು. ಎಲ್ಲಿ ಪೋಲಾಗುತ್ತಿದೆ ಎಂದು ಹುಡುಕಲು ನಮ್ಮ ಸಂಸ್ಥೆಗೆ ಬರೆದರು. ಎನರ್ಜಿ ಆಡಿಟ್ ನನ್ನ ಕೆಲಸ.

“ಅಲ್ಲಿಗೆ ಬ್ಯಾರೆ ಯಾರನ್ನರೆ ಕಳಸ್ಲೇನವ್ವಾ?” ಎಂದು ನಮ್ಮ ಮುಖ್ಯಸ್ಥರು ಕೇಳಿದರು.

ನನ್ನ ಗಂಡ ಪ್ರಭು ಆ ವಿಮಾ ಕಂಪನಿಯಲ್ಲಿದ್ದ. ಹಿಂದಿನ ವರ್ಷ ಅಲ್ಲಿಂದ ಮನೆಗೆ ಬರುವಾಗ ಅವನ ಬೈಕು ಲಾರಿಗೆ ಸಿಕ್ಕಿತು.

“ಬ್ಯಾಡ್ರಿ ಸರ್. ನಾನ ಹೋಗ್ತೇನಿ” ಎಂದೆ.

ಕಟ್ಟಡವನ್ನು ನಡೆಸುವ ಯಂತ್ರಕ್ಕೆ ಅಲ್ಲಿಯವರು ‘ಕಾರಭಾರಿ’ ಎಂದು ಹೆಸರಿಟ್ಟಿದ್ದರು. ನೆಲಮಾಳಿಗೆಯಲ್ಲಿ ನೀರು ತಣ್ಣಗಾಗಿ, ಕೊಳವೆ ಹತ್ತಿ, ಮೇಲಿನ ಮಹಡಿಗಳ ಗಾಳಿಯನ್ನು ತಂಪು ಮಾಡಲು ಮುಕ್ಕಾಲು ಗಂಟೆ ಬೇಕು. ಹಾಗಾಗಿ ಇರುವವರ ಲೆಕ್ಕ ಸಾಲದು, ಬರುವವರ ಲೆಕ್ಕವೂ ಬೇಕು. ಅದಕ್ಕಾಗಿ ಪ್ರತಿ ಕುರ್ಚಿಯ ಮೇಲೆ, ಚಾವಣಿಯಲ್ಲಿ, ಒಂದು ಪುಟ್ಟ ಮೈಕು. ‘ಊಟಕ್ಕೆ ಹೊಂಟೆ’, ‘ನಾಲ್ಕಕ್ಕ ಮೀಟಿಂಗ್ ಐತಿ’, ‘ನಾಳೆ ರಜಾ’ ಎಂಬಂಥ ಮಾತುಗಳನ್ನಷ್ಟೇ ಕಾರಭಾರಿ ಹೆಕ್ಕುತ್ತಿತ್ತು. ಉಳಿದದ್ದನ್ನು ಮರೆಯುತ್ತಿತ್ತು. ಹೆಕ್ಕಿದ ಮಾತನ್ನು, ಅದು ನಡೆದು ಮುಗಿಯುವವರೆಗೆ, ಆಡಿದವರ ದನಿಯಲ್ಲೇ ಇಟ್ಟುಕೊಳ್ಳುತ್ತಿತ್ತು. ಮುಗಿದ ಮೇಲೆ ಅಳಿಸುತ್ತಿತ್ತು.

ಕಂಟ್ರೋಲ್ ರೂಮಿನಲ್ಲಿ ಇರ್ಫಾನ್ ಸವಣೂರ ಎಂಬ ಎಂಜಿನಿಯರ್ ಇದ್ದರು. ಕಟ್ಟಡದ ಉಸ್ತುವಾರಿ ಅವರದು. ಪರದೆ ತೋರಿಸಿದರು. ಸಂಜೆ ಎಲ್ಲರೂ ಹೋದ ಮೇಲೂ ಎಲ್ಲ ಮಹಡಿಗಳೂ ತಣ್ಣಗೆ ಕಾಯುತ್ತಿದ್ದವು. ಮರುದಿನ ಜನ ಬಂದು ಕುಳಿತ ಮೇಲೇ ಕಾರಭಾರಿಗೆ ಸಮಾಧಾನ.

“ದೆವ್ವ ಐತ್ರಿ ಮೇಡಮ್ಮಾರ” ಎಂದರು ಇರ್ಫಾನ್. “ಎ.ಸಿ. ಬೇಕನ್ನೂ ದೆವ್ವ. ನಮ್ಮ ಸವಣೂರಾಗ ದೆವ್ವಕ್ಕ ಬೀಸಣಿಗಿ ಸೈತ ಕೊಡೂದಿಲ್ಲ.”

ಎಲ್ಲ ಮಹಡಿಗಳನ್ನೂ ನಡೆದು ನೋಡುವುದು ಆಡಿಟ್‌ನ ಮೊದಲ ಕೆಲಸ. ಎಂಟನೆಯ ಮಹಡಿಗೆ ಊಟದ ಹೊತ್ತಿನಲ್ಲಿ ಹೋದೆ. ಕಿಟಕಿಯ ಮೂಲೆಯಲ್ಲಿ ಒಂದು ಖಾಲಿ ಕುರ್ಚಿ, ಮೇಜಿನ ಮೇಲೆ ಹಳೆಯ ಫೈಲುಗಳ ರಾಶಿ. ಸುತ್ತ ನಾಲ್ಕೈದು ಜನ ನಿಂತು ಹರಟುತ್ತಿದ್ದರು.

“ಇಲ್ಲೇ ಯಾಕ್ ನಿಂತೀರಿ?” ಎಂದೆ.

“ಈ ಮೂಲಿ ಯಾವಾಗ್ಲೂ ತಂಪ್ ನೋಡ್ರಿ” ಎಂದ ಒಬ್ಬ ಹುಡುಗ. “ಪ್ರಭು ಸರ್ ಮೂಲಿ. ಅವರು ಹೋಗಿ ವರ್ಷ ಆತು, ಆದ್ರೂ...” ಪಕ್ಕದವರು ಅವನ ತೋಳು ಜಗ್ಗಿದರು.

ನಾನು ತಾಪಮಾನ ಬರೆದುಕೊಂಡು ಮೇಲೆ ಹತ್ತಿದೆ.

ಒಂಬತ್ತನೆಯ ಮಹಡಿಯ ಮೇಲೆ, ತಾರಸಿಯಲ್ಲಿ, ನೀರಿನ ಟಾಕಿಯ ಪಕ್ಕ ಒಂದು ತಗಡಿನ ಖೋಲಿ. ನಕ್ಷೆಯಲ್ಲಿ ಅದು ‘ಸಾಮಾನು ಕೋಣೆ’. ಒಳಗೆ ಕಸ ಗುಡಿಸುವ ಹೆಂಗಸರು ಬುತ್ತಿ ಬಿಚ್ಚಿ ಕುಳಿತಿದ್ದರು. ಗೋಡೆಯಲ್ಲಿ ಒಂದು ಜಾಳಿಗೆ, ಅದರಿಂದ ತೆಳ್ಳಗೆ ತಂಪು ಗಾಳಿ.

“ಬರ್ರಿ ಅಕ್ಕಾರ, ಕುಂದರ್ರಿ” ಎಂದಳು ಎಲ್ಲರಿಗಿಂತ ಹಿರಿಯಳು. “ಕಡ್ಡಿ ಆಗೀರಲ್ರಿ. ಮನ್ಯಾಗ ಅತ್ತಿ ಉಣ್ಣಾಕ ಕೊಡೂದಿಲ್ಲೇನು?”

“ಕೊಡ್ತಾರ. ನಾನ ಉಣ್ಣೂದಿಲ್ಲ.”

“ಹಂಗಾದ್ರ ಇಲ್ಲಿ ಉಣ್ರಿ.” ಜೋಳದ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ, ಕೇಳದೆ ಕೈಗಿಟ್ಟಳು. ಹೆಸರು ದ್ಯಾಮವ್ವ. ಮಧ್ಯಾಹ್ನ ಅವರೆಲ್ಲ ಆ ಖೋಲಿಯಲ್ಲೇ ಒಂದು ನಿದ್ದೆ ತೆಗೆಯುತ್ತಾರೆ, ಸಂಜೆ ಕಚೇರಿಗಳು ಬಿಡುವಾಗ ಮತ್ತೆ ಗುಡಿಸಲು ಇಳಿಯುತ್ತಾರೆ.

“ನಿಮ್ಮ ಕಾರಭಾರಿಗೆ ನಾವು ಇಲ್ಲಿ ಇರೂದು ಗೊತ್ತೈತೇನ್ರಿ?” ಎಂದಳು. “ಅದು ಕುರ್ಚಿ ಇದ್ದವರ ಮಾತಷ್ಟ ಕೇಳ್ತೈತಂತ. ನಮಗೆಲ್ಲಿ ಕುರ್ಚಿ?” ಎಲ್ಲರೂ ನಕ್ಕರು.

ಇದನ್ನು ನಕ್ಷೆಯಲ್ಲಿ ಜನರ ಕೋಣೆ ಎಂದು ತಿದ್ದಬೇಕು ಎಂದುಕೊಂಡೆ. ರೊಟ್ಟಿ ಚೆನ್ನಾಗಿತ್ತು.

*

ಪೋಲು ಎಲ್ಲಿ ಎಂಬುದು ಗೊತ್ತಾದದ್ದು ಮನೆಯಲ್ಲಿ.

ನಾನು ಅತ್ತೆಯ ಜೊತೆ ಇದ್ದೇನೆ. ನಾವಿಬ್ಬರೇ. ಅವರು ಹೆಚ್ಚು ಮಾತಾಡುವುದಿಲ್ಲ, ನಾನೂ ಇಲ್ಲ. ಬೆಳಿಗ್ಗೆ ಚಪ್ಪಲಿ ಮೆಟ್ಟಿ, “ಹೋಗ್ತೇನ್ರಿ ಅತ್ತಿ” ಎಂದೆ.

“ಹೋಗ್ತೇನಿ ಅನಬ್ಯಾಡವ್ವ. ಬರ್ತೇನಿ ಅನ್ನು.”

“ಎರಡೂ ಒಂದ ಅಲ್ಲೇನ್ರಿ?”

“ಒಂದ ಆಗಿದ್ರ, ಬರ್ತೇನಿ ಅನ್ನಾಕ ಏನ್ ತ್ರಾಸು?”

“ಬರ್ತೇನ್ರಿ.”

“ಹ್ಞೂಂ, ಬಾ.”

ಸ್ಕೂಟರ್ ಅನ್ನು ಸ್ಟ್ಯಾಂಡಿನಿಂದ ಇಳಿಸಿದವಳು ಅಲ್ಲೇ ನಿಂತೆ. ಸಂಜೆ ಕಚೇರಿ ಬಿಡುವಾಗ ಯಾರೂ ಹೋಗುತ್ತೇನೆ ಎನ್ನುವುದಿಲ್ಲ. ಎಲ್ಲರೂ ಬರ್ತೇನಿ ಎನ್ನುತ್ತಾರೆ. ಯಾವುದೋ ದೂರದ ಊರಿನಲ್ಲಿ ನಿಘಂಟು ಕಲಿತು ಬಂದ ಕಾರಭಾರಿ ಅದನ್ನು ನಂಬಿತ್ತು. ಬರುತ್ತಾರೆ ಎಂದು ಪ್ರತಿ ರಾತ್ರಿ ಎಲ್ಲರ ಕುರ್ಚಿಗೂ ಗಾಳಿ ತಣ್ಣಗೆ ಹಿಡಿದು ಕಾಯುತ್ತಿತ್ತು.

ಇರ್ಫಾನ್‌ಗೆ ಹೇಳಿದಾಗ ಹಣೆ ಬಡಿದುಕೊಂಡು ನಕ್ಕರು. “ಮತ್ತ ‘ಬಂದೆ’ ಅಂದ್ರ?”

“ಬಂದೆ ಅಂದ್ರ ಬರಾಕತ್ತೇನಿ ಅಂತ. ‘ಒಂದ್ ನಿಮಿಷ, ಬಂದೆ’ ಅಂತೇವಲ್ಲ.”

“ಯಪ್ಪಾ! ಬರ್ತೇನಿ ಅಂದ್ರ ಹೋದ, ಬಂದೆ ಅಂದ್ರ ಬರ್ತಾನ. ಹುಚ್ಚ ಹಿಡಿಯೂದಿಲ್ಲೇನ್ರಿ ಪಾಪ ಅದಕ್ಕ?”

ಆದರೆ ಬರ್ತೇನಿ ಎಂದವರಲ್ಲಿ ನಿಜಕ್ಕೂ ತಿರುಗಿ ಬರುವವರೂ ಇದ್ದರು. ಕೆಳಗಿಳಿದು ಚಹಾ ಕುಡಿದು ಬರುವವರು, ಬ್ಯಾಂಕಿಗೆ ಹೋಗಿ ಬರುವವರು. ಅವರನ್ನು ಬೇರೆ ಮಾಡುವುದು ಹೇಗೆ? ಎರಡು ಸಂಜೆ ನಾನು ಮಹಡಿಗಳಲ್ಲಿ ಸುಮ್ಮನೆ ನಿಂತು ಕೇಳಿದೆ. ವ್ಯತ್ಯಾಸ ಹೋಗುವವರ ಮಾತಿನಲ್ಲಿರಲಿಲ್ಲ, ಉಳಿದವರ ಮಾತಿನಲ್ಲಿತ್ತು. ಚಹಾಕ್ಕೆ ಹೋಗುವವರಿಗೆ ಯಾರೂ ಏನೂ ಅನ್ನುವುದಿಲ್ಲ. ಮನೆಗೆ ಹೋಗುವವರಿಗೆ ಯಾರಾದರೂ ‘ಹ್ಞೂಂ, ಬರ್ರಿ’ ಎನ್ನುತ್ತಾರೆ.

ಹಾಗೆ ನಿಯಮ ಬರೆದೆ. ಬರ್ತೇನಿ ಎಂಬ ಮಾತಿಗೆ ಉತ್ತರ ಬಂದರೆ ಆ ಮಾತು ಮುಗಿಯಿತು. ಕುರ್ಚಿಯ ಗಾಳಿ ನಿಲ್ಲಿಸಬಹುದು. ಉತ್ತರ ಬರದಿದ್ದರೆ ಮಾತು ಮುಗಿದಿಲ್ಲ, ಕಾಯಬೇಕು.

ಮೊದಲ ಸಂಜೆಯೇ ಪರದೆಯ ಮೇಲಿನ ಗೆರೆ ಕೆಳಗಿಳಿಯಿತು. ಒಂದೊಂದೇ ಮಹಡಿಯ ಗಾಳಿ ನಿಲ್ಲುತ್ತಾ ಬಂತು. ಇರ್ಫಾನ್ ಪೇಢೆ ತರಿಸಿದರು. ಹಳೆಯ ಮಾತುಗಳನ್ನೂ ಕಾರಭಾರಿ ಹೊಸ ನಿಯಮದಿಂದ ಜಾಲಾಡಿತು. ಉತ್ತರ ಸಿಕ್ಕವೆಲ್ಲ ಅಳಿಸಿಹೋದವು. ವರ್ಷಕ್ಕಿಂತ ಹಿಂದಿನದು ಒಂದೇ ಉಳಿಯಿತು. ಎಂಟನೆಯ ಮಹಡಿ, ಕಿಟಕಿಯ ಮೂಲೆ.

ಇರ್ಫಾನ್ ಪೇಢೆಯ ಡಬ್ಬಿ ಹಿಡಿದು ಹೊರಗೆ ಹೋಗಿದ್ದರು. ನಾನು ಗುಂಡಿ ಒತ್ತಿದೆ.

“ಹ್ಞಾಂ ನೀಲಾ. ಹೊಂಟೆ ಈಗ. ಬರ್ತೇನಿ.”

ಅಷ್ಟೇ. ಫೋನಿನಲ್ಲಿ ನನಗೆ ಹೇಳಿದ ಮಾತು. ಮನೆಗೆ ಬರುತ್ತೇನೆ ಎಂದು ಅವನು ಹೇಳಿದ್ದ, ಕುರ್ಚಿಗೆ ಬರುತ್ತಾನೆ ಎಂದು ಕಟ್ಟಡ ತಿಳಿದಿತ್ತು. ಆ ಸಂಜೆ ನಾನು ಇನ್ನೊಂದು ಕಟ್ಟಡದ ದೀಪಗಳನ್ನು ಎಣಿಸುತ್ತಿದ್ದೆ. ಏನೂ ಅನ್ನದೆ ಫೋನು ಇಟ್ಟಿದ್ದೆ.

ಪರದೆಯ ಮೇಲೆ ಪ್ರಶ್ನೆ ಬಂತು: ಉತ್ತರವಿಲ್ಲದ ಹಳೆಯ ಮಾತು, ಏನು ಮಾಡಲಿ? ‘ಹಿಡಿದಿಡು’ ಒತ್ತಿದೆ. ಕಾರಣ ಕೇಳಿತು. ‘ಪರೀಕ್ಷೆ ನಡೆದಿದೆ’ ಎಂದು ಬರೆದೆ. ಆಡಿಟರ್ ಹಿಡಿದಿಟ್ಟದ್ದನ್ನು ಕಾರಭಾರಿ ಯಾವ ಕಾರಣಕ್ಕೂ ಮುಟ್ಟುವುದಿಲ್ಲ. ಅದು ನನಗೆ ಗೊತ್ತಿತ್ತು.

ಮನೆಯಲ್ಲಿ ಅತ್ತೆ ಸೊಪ್ಪು ಸೋಸುತ್ತಿದ್ದರು.

“ಅಂವನ ಕುರ್ಚಿ ನೋಡಿದ್ಯಾ?”

“ನೋಡಿದೆ.”

“ಯಾರರೆ ಕುಂತಾರೇನು?”

“ಇಲ್ರಿ. ಖಾಲಿ ಐತಿ.”

ಅವರು ತಲೆಯಾಡಿಸಿ ಸೊಪ್ಪಿನತ್ತ ತಿರುಗಿದರು. ದನಿಯ ವಿಷಯ ಹೇಳಲಿಲ್ಲ. ಅದನ್ನು ಫೋನಿನಲ್ಲಿ ಹಿಡಿದು ತರಬಹುದಿತ್ತು. ತರಲಿಲ್ಲ. ಅದು ಅಲ್ಲೇ ಇರಲಿ, ಅದಕ್ಕಾಗಿ ಅಲ್ಲಿ ಗಾಳಿ ಬೀಸುತ್ತಿರಲಿ ಅನ್ನಿಸಿತ್ತು. ಆಮೇಲೆ ಏನಾದರೊಂದು ನೆಪ ಮಾಡಿಕೊಂಡು ತೇಜಸ್‌ಗೆ ಹೋಗತೊಡಗಿದೆ. ಮೀಟರ್ ನೋಡಬೇಕು, ಪಂಪು ನೋಡಬೇಕು. ಹೋದಾಗಲೆಲ್ಲ ಕಂಟ್ರೋಲ್ ರೂಮಿನಲ್ಲಿ ಒಮ್ಮೆ ಗುಂಡಿ ಒತ್ತುತ್ತಿದ್ದೆ. ತಾರಸಿಯ ಖೋಲಿಯನ್ನು ನಕ್ಷೆಯಲ್ಲಿ ತಿದ್ದುವುದು ನಾಳೆ ಮಾಡಿದರಾಯಿತು ಎಂದು ಉಳಿಯುತ್ತಿತ್ತು.

ಸಂಜೆ ಇಳಿಯುವಾಗ ದ್ಯಾಮವ್ವ ಸಿಗುತ್ತಿದ್ದಳು. ಪೊರಕೆ ಹಿಡಿದು ಸಾಲಿನಿಂದ ಸಾಲಿಗೆ ಗುಡಿಸುತ್ತಾ, ಹೊರಟವರಿಗೆಲ್ಲ ತಲೆಯೆತ್ತದೆ ಉತ್ತರ ಕೊಡುತ್ತಿದ್ದಳು. ಹ್ಞೂಂ, ಬರ್ರಿ. ಹ್ಞೂಂ, ಬರ್ರಿ ಸಾಹೇಬ್ರ. ಹ್ಞೂಂ, ಬಾ ತಮ್ಮಾ, ಬೈಕ್ ಸಾವಕಾಶ ಹೊಡಿ.

“ಬರ್ತೇನಿ ದ್ಯಾಮವ್ವಾ” ಎನ್ನುತ್ತಿದ್ದೆ ನಾನೂ.

“ಹ್ಞೂಂ, ಬರ್ರಿ ಅಕ್ಕಾರ. ರಾತ್ರಿ ಉಣ್ರಿ.”

*

ಮೇ ತಿಂಗಳಲ್ಲಿ ಬಿಸಿಗಾಳಿ ಎದ್ದಿತು. ನಾವು ಉಳಿಸಿದ್ದೇವೆಂದು ಕಟ್ಟಡದ ಪಾಲನ್ನೂ ಕಡಿಮೆ ಮಾಡಿದ್ದರು. ಇದ್ದುದರಲ್ಲಿ ಕಾರಭಾರಿ ಮಹಡಿಯಿಂದ ಮಹಡಿಗೆ ಗಾಳಿ ಹಂಚಿ ಸರಿದೂಗಿಸುತ್ತಿತ್ತು. ಪೇಟೆಯಲ್ಲಿ ಉಳಿದ ಕಟ್ಟಡಗಳೆಲ್ಲ ಮಧ್ಯಾಹ್ನ ಬಂದ್ ಆದರೂ ತೇಜಸ್ ನಡೆಯಿತು. ಎಲ್ಲರೂ ನನ್ನನ್ನು ಹೊಗಳಿದರು.

ಒಂದು ಸಂಜೆ ಇರ್ಫಾನ್ ಫೋನು ಮಾಡಿದರು.

“ದ್ಯಾಮವ್ವ ಬಿದ್ದಾಳ್ರಿ.”

ಅಂದು ಜೊತೆಯವರೆಲ್ಲ ಒಂದು ಮದುವೆಗೆ ಹೋಗಿದ್ದರು. ಅವಳೊಬ್ಬಳೇ ಖೋಲಿಯಲ್ಲಿ ಮಲಗಿದ್ದಳು. ಸಂಜೆ ಕೆಳಗಿಳಿಯದಿದ್ದಾಗ ಕಾವಲುಗಾರ ಹತ್ತಿ ನೋಡಿದ. ಮೈ ಬೆಂಕಿಯಂತೆ ಸುಡುತ್ತಿತ್ತು, ಬೆವರು ಇರಲಿಲ್ಲ, ಎಚ್ಚರ ಇರಲಿಲ್ಲ. ನಾನು ಹೋಗುವಷ್ಟರಲ್ಲಿ ಆಸ್ಪತ್ರೆಗೆ ಒಯ್ದಿದ್ದರು. ಅವಳ ಮಗ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಒಂದೇ ಕೇಳುತ್ತಿದ್ದ. “ಮನಿ ಒಳಗ ಬಿಸಿಲು ಹೆಂಗ್ ಬಡೀತೈತ್ರಿ? ನೆರಳಾಗ ಮಲಗಿದಾಕಿಗೆ ಬಿಸಿಲು ಹೆಂಗ್ ಬಡೀತೈತಿ?”

ಮರುದಿನ ನಾನೂ ಇರ್ಫಾನೂ ಕಂಟ್ರೋಲ್ ರೂಮಿನಲ್ಲಿ ಕುಳಿತೆವು. ತಾರಸಿಯ ಖೋಲಿಯ ಜಾಳಿಗೆ ಬಿಸಿಗಾಳಿ ಶುರುವಾದ ದಿನದಿಂದಲೇ ಮುಚ್ಚಿತ್ತು. ಯಾಕೆ ಎಂದು ಇರ್ಫಾನ್ ಕಾರಭಾರಿಯನ್ನು ಕೇಳಿದರು. ಅದು ಎರಡು ಸಾಲಿನಲ್ಲಿ ಉತ್ತರ ಕೊಟ್ಟಿತು. ಎಂಟನೆಯ ಮಹಡಿಯ ಮೂಲೆ ಹಿಡಿದಿಟ್ಟಿದೆ, ಮುಟ್ಟುವಂತಿಲ್ಲ. ಅಷ್ಟೇ ಗಾಳಿ ಬೇರೆಡೆಯಿಂದ ಬೇಕಾಗಿತ್ತು, ಸಾಮಾನು ಕೋಣೆಯಿಂದ ತೆಗೆದಿದೆ.

ನಾನು ಬರೆದ ಕಾರಣವನ್ನು ಇರ್ಫಾನ್ ಪರದೆಯ ಮೇಲೆ ತೆರೆದರು.

“ಪರೀಕ್ಷೆ ನಡೆದಿದೆ ಅಂತ ಬರದೀರಿ” ಎಂದರು ಇರ್ಫಾನ್.

“ಯಾವ ಪರೀಕ್ಷೆನೂ ಇರಲಿಲ್ಲ.”

“ಗೊತ್ರಿ. ಅವತ್ತ ನೋಡಿದ್ದೆ. ಪ್ರಭು ಸರ್ ಅಲ್ಲೇನು, ಇರ್ಲಿ ಬಿಡು ಅಂದೆ. ನೀವು ಬಂದಾಗೊಮ್ಮೆ ನಾ ಚಾ ಕುಡ್ಯಾಕ ಹೋಗ್ತಿದ್ನೆಲ್ಲ. ಅದಕ್ಕ.”

ಮಾಲೀಕರ ಕಡೆಯವರು ಬಂದು ಹೋಗಿದ್ದರಂತೆ. ಅಲ್ಲಿ ಮಲಗಬೇಡಿ ಎಂದು ಹೆಂಗಸರಿಗೆ ಮೊದಲೇ ಹೇಳಿದ್ದೆವು ಎಂದು ಬರೆದುಕೊಂಡರಂತೆ. ಹಾಗೆ ಯಾರೂ ಹೇಳಿರಲಿಲ್ಲ. ನಾನು ನಡೆದದ್ದನ್ನು ನಡೆದಂತೆ ಬರೆದು ಇಬ್ಬರಿಗೂ ಕಳಿಸಿದೆ, ನಮ್ಮ ಸಂಸ್ಥೆಗೂ ಮಾಲೀಕರಿಗೂ. ನಕ್ಷೆ ತಿದ್ದಿದೆ. ಅದಕ್ಕೆ ಎರಡು ನಿಮಿಷ ಸಾಕಾಯಿತು.

“ಇದನ್ನೇನ್ ಮಾಡೂಣು?” ಎಂದರು ಇರ್ಫಾನ್, ಆ ಮೂಲೆಯನ್ನು ತೋರಿಸಿ. “ನಿಮ್ಮ ಹಿಡಿತ ತಗದ್ರೂ ಅದು ಉತ್ತರ ಸಿಗದ ಮಾತು. ಕಾರಭಾರಿ ಕಾಯೂದು ಬಿಡೂದಿಲ್ಲ. ನಾ ಅಳಸ್ಲೇನು?”

“ಬ್ಯಾಡ್ರಿ. ನಾನ ಮುಗಸ್ತೇನಿ.”

ಹಿಡಿತ ತೆಗೆದು, ಎಂಟನೆಯ ಮಹಡಿಗೆ ಹತ್ತಿದೆ. ಊಟದ ಹೊತ್ತು. ಎಂದಿನಂತೆ ಆರೇಳು ಜನ ಆ ಮೂಲೆಯಲ್ಲಿ ನಿಂತಿದ್ದರು. ಬಾಗಿಲ ಹೊರಗಿನ ಗಾಳಿ ಮುಖ ಸುಡುತ್ತಿತ್ತು, ಇಲ್ಲಿ ಮೈ ಜುಮ್ಮೆನ್ನುವ ತಂಪು.

“ಸ್ವಲ್ಪ ಸರೀರಿ” ಎಂದೆ.

ಸರಿದರು. ಕುರ್ಚಿಯ ಪಕ್ಕ ನಿಂತು ಚಾವಣಿಯ ಮೈಕಿನ ಕಡೆ ಮುಖ ಎತ್ತಿದೆ. ಉತ್ತರ ಸಿಕ್ಕ ಕೂಡಲೆ ದನಿ ಅಳಿಸಿಹೋಗುತ್ತದೆ. ಫೋನು ಕೈಯಲ್ಲೇ ಇತ್ತು. ಕೆಳಗೆ ಇರ್ಫಾನ್‌ಗೆ ಹೇಳಿ ಇನ್ನೊಂದು ಸಲ ಹಾಕಿಸಿ, ಹಿಡಿದಿಟ್ಟುಕೊಳ್ಳಬಹುದಿತ್ತು. ಅತ್ತೆಗಾದರೂ. ಅವರ ಮಗನ ದನಿ, ನನ್ನೊಬ್ಬಳದಲ್ಲ. ಅದೂ ಹೊಳೆಯಿತು. ಆದರೆ ಆ ದನಿಯನ್ನು ಯಾವುದರ ಬದಲಿಗೆ ಇಟ್ಟುಕೊಂಡಿದ್ದೆ ಎಂಬುದು ಗೊತ್ತಾದ ಮೇಲೆ ಅದನ್ನು ಮನೆಗೆ ಒಯ್ಯಲು ಕೈ ಬರಲಿಲ್ಲ.

“ಹ್ಞೂಂ” ಎಂದೆ. “ಬಾ.”

ಮೇಲಿನ ಜಾಳಿಗೆಯ ಸದ್ದು ಸಣ್ಣದಾಗುತ್ತಾ ಬಂದು ನಿಂತಿತು. ಮೇಜಿನ ಮೇಲಿನ ಕಾಗದದ ಅಂಚು ಅಲುಗುವುದು ನಿಂತಿತು.

“ಅಯ್ಯ, ಎ.ಸಿ. ಹೋತಲ್ರಿ” ಎಂದ ಆ ಹುಡುಗ.

*

ದ್ಯಾಮವ್ವ ಉಳಿದಳು. ಆದರೆ ಕೈ ನಡುಗುತ್ತದೆ, ನಡೆದರೆ ತೋಲ ತಪ್ಪುತ್ತದೆ. ಮಿದುಳಿಗೆ ಕಾವು ಹತ್ತಿದೆ, ಪೂರ್ತಿ ಸರಿಹೋಗುವ ಭರವಸೆ ಕೊಡಲಾರೆವು ಎಂದರು ವೈದ್ಯರು. ಪೊರಕೆ ಹಿಡಿಯುವ ಮಾತು ಇಲ್ಲ.

ಅವಳು ಕೆಲಸ ಬಿಟ್ಟ ಮೇಲೆ ತೇಜಸ್‌ನ ಸಂಜೆಯ ಗೆರೆ ಮತ್ತೆ ಮೇಲೆದ್ದಿತು. ಇರ್ಫಾನ್ ಕರೆದು ತೋರಿಸಿದರು. ಜನ ಎಂದಿನಂತೆ ಬರ್ತೇನಿ ಎನ್ನುತ್ತಿದ್ದರು. ಬರ್ರಿ ಎನ್ನುವವರಿರಲಿಲ್ಲ. ಉಳಿದವರು ಫೋನಿನಲ್ಲಿ ಮುಳುಗಿರುತ್ತಿದ್ದರು. ಎಲ್ಲ ಮಾತುಗಳೂ ಉತ್ತರ ಸಿಗದೆ ಉಳಿದು, ಕಟ್ಟಡ ರಾತ್ರಿಯೆಲ್ಲ ಕಾಯುತ್ತಿತ್ತು. ನನ್ನ ನಿಯಮದ ಉಳಿತಾಯ ಬಹುಪಾಲು ಅವಳ ಬಾಯಿಂದ ಬರುತ್ತಿತ್ತು. ಅದು ನನಗೂ ಗೊತ್ತಿರಲಿಲ್ಲ, ಅವಳಿಗೂ.

ಅವಳ ಮನೆ ಹಳೇ ಹುಬ್ಬಳ್ಳಿಯಲ್ಲಿ. ಮುಂಜಾನೆ ಹೋದೆ. ಕಟ್ಟೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಸೊಸೆಯ ಕಡೆ ತಿರುಗಿ ಚಹಾಕ್ಕೆ ಹೇಳಿದಳು. ಮಾತು ಸ್ವಲ್ಪ ಎಳೆಯುತ್ತಿತ್ತು, ಆದರೆ ಸ್ಪಷ್ಟವಿತ್ತು.

“ಇನ್ನೂ ಕಡ್ಡಿನ ಅದೀರಿ” ಎಂದಳು.

ಹೇಳಲು ಬಂದದ್ದನ್ನು ಹೇಳಿದೆ. ಖೋಲಿಯ ಗಾಳಿ ಯಾಕೆ ನಿಂತಿತು, ಯಾರು ನಿಲ್ಲಿಸಿದ್ದು, ಅದು ಎಲ್ಲಿಗೆ ಹೋಗುತ್ತಿತ್ತು. ಯಂತ್ರದ ತಪ್ಪು ಎಂದು ಎಲ್ಲಿಯೂ ಹೇಳಲಿಲ್ಲ. ದ್ಯಾಮವ್ವ ನನ್ನ ಬಾಯನ್ನೇ ನೋಡುತ್ತಾ ಕೇಳಿದಳು. ಸೊಸೆ ಚಹಾ ತಂದವಳು ಬಾಗಿಲಲ್ಲೇ ನಿಂತಳು.

“ಪ್ರಭು ಸಾಹೇಬ್ರ ಕುರ್ಚಿಗೆ?”

“ಹ್ಞೂಂ.”

“ಸಾಹೇಬ್ರು ಚೊಲೊ ಇದ್ರು.” ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಆಮೇಲೆ, ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು. “ಸತ್ತವರಿಗೆ ಧಗಿ ಆಗತೈತೇನ್ರಿ ಅಕ್ಕಾರ?”

“ಇಲ್ಲ ದ್ಯಾಮವ್ವಾ.”

“ಹ್ಞಾಂ. ನಾನೂ ಹಂಗ ಅನ್ಕೊಂಡಿದ್ದೆ.”

ಸೊಸೆ ಚಹಾದ ಕಪ್ಪನ್ನು ನನ್ನ ಮುಂದೆ ಇಟ್ಟು ಒಳಗೆ ಹೋದಳು. ನಾನು ಕುಡಿದೆ. ಕುಡಿಯದೆ ಬಿಡುವುದು ಸರಿಯಲ್ಲ ಅನ್ನಿಸಿತು. ಮಾಲೀಕರು ಪರಿಹಾರ ಕೊಡುವವರೆಗೆ ಬೆನ್ನು ಬಿಡುವುದಿಲ್ಲ ಎಂದೆ. ಅವಳು ಬೀದಿಯ ಕಡೆ ನೋಡುತ್ತಿದ್ದಳು. ನಳದಲ್ಲಿ ನೀರು ಬಂದಿತ್ತು, ಹೆಂಗಸರು ಕೊಡ ಹಿಡಿದು ಹೋಗುತ್ತಿದ್ದರು. ಒಬ್ಬಳು, “ಬರ್ತೇನಿ ಯಕ್ಕಾ, ಆಮ್ಯಾಲೆ ಮಾತಾಡೂಣು” ಎಂದಳು.

“ಹ್ಞೂಂ, ಬಾ” ಎಂದಳು ದ್ಯಾಮವ್ವ.

ನಾನು ಎದ್ದು ಚಪ್ಪಲಿ ಮೆಟ್ಟಿದೆ.

“ಬರ್ತೇನಿ ದ್ಯಾಮವ್ವಾ.”

ಅವಳು ನನ್ನನ್ನು ನೋಡಿದಳು. ಕೇಳಿಸಿತ್ತು. ಮುಖದಲ್ಲಿ ಸಿಟ್ಟು ಇರಲಿಲ್ಲ. ಏನೂ ಅನ್ನಲಿಲ್ಲ.

ಸ್ವಲ್ಪ ಹೊತ್ತು ನಿಂತೆ. ಬಿಸಿಲು ಆಗಲೇ ಕಟ್ಟೆಯ ಅಂಚಿಗೆ ಬಂದಿತ್ತು. ಅವಳ ಕಾಲ ಬಳಿ ಇದ್ದ ಬೀಸಣಿಗೆಯನ್ನು ಎತ್ತಿ ಕೈಗೆ ಎಟಕುವಲ್ಲಿ ಇಟ್ಟು, ಬೀದಿಗೆ ಇಳಿದೆ.

ಉತ್ತರ ಬರದ ಮಾತು ಮುಗಿದಿಲ್ಲ. ಹಾಗೆಂದು ಬರೆದವಳು ನಾನೇ. ನಾಳೆ ಮತ್ತೆ ಹೋಗಬೇಕು.